ರೈಲಿಲ್ಲದ ಊರಿಗೆ ಸ್ಟೇಷನ್ನಿನ ಹೆಸರು



ಕೇರಳದ ಮುನ್ನಾರಿನಾಚೆ, ತಮಿಳುನಾಡಿನ ಗಡಿಯಲ್ಲಿ, ಘಟ್ಟದ ಅಂಚಿನ ಮೇಲೆ ಒಂದು ಪುಟ್ಟ ಊರಿದೆ. ಅದರ ಹೆಸರು ಟಾಪ್ ಸ್ಟೇಷನ್. ಇಂದು ಅಲ್ಲಿಗೆ ಯಾವ ರೈಲೂ ಬರುವುದಿಲ್ಲ. ಒಂದು ಕಾಲದಲ್ಲಿ ಕುಂಡಲ ಕಣಿವೆಯ ರೈಲು ಮಾರ್ಗವು ಮುನ್ನಾರಿನಿಂದ ಹೊರಟು, ಮಾಟ್ಟುಪೆಟ್ಟಿಯ ಮೂಲಕ ಇಲ್ಲಿಗೆ ಬಂದು ಕೊನೆಗೊಳ್ಳುತ್ತಿತ್ತು.

ಈ ಮಾರ್ಗವು ಹುಟ್ಟಿದ್ದು ಚಹಾ ಸಾಗಣೆಗಾಗಿ. 1902ರಲ್ಲಿ ಮೊದಲು ಹಾಕಿದ್ದು ಒಂದೇ ಹಳಿ. ಗಾಡಿಯ ಚಿಕ್ಕ ಚಕ್ರಗಳು ಹಳಿಯ ಮೇಲೆ ಉರುಳಿದರೆ, ದೊಡ್ಡ ಚಕ್ರವು ಸಮತೋಲ ಕಾಯುತ್ತ ಪಕ್ಕದ ರಸ್ತೆಯ ಮೇಲೆ ಸಾಗುತ್ತಿತ್ತು. ಎಳೆಯುತ್ತಿದ್ದವು ಎತ್ತುಗಳು. 1908ರಲ್ಲಿ ಅದರ ಸ್ಥಾನದಲ್ಲಿ ಎರಡು ಅಡಿ ಅಗಲದ ಜೋಡಿ ಹಳಿ ಬಂದಿತು, ಉಗಿಬಂಡಿ ಓಡತೊಡಗಿತು. ಟಾಪ್ ಸ್ಟೇಷನ್ನಿನಲ್ಲಿ ಇಳಿದ ಚಹಾ ಪೆಟ್ಟಿಗೆಗಳು ತಂತಿಮಾರ್ಗದಲ್ಲಿ ತೂಗುತ್ತ ಘಟ್ಟದ ಬುಡದ ಕೊಟ್ಟಗುಡಿಗೆ ಇಳಿಯುತ್ತಿದ್ದವು. ಅಲ್ಲಿಂದ ಗಾಡಿಯಲ್ಲಿ ಬೋಡಿನಾಯಕನೂರಿಗೆ.

1924ರ ಜುಲೈ ತಿಂಗಳ ಮಹಾಮಳೆಯು ಇದೆಲ್ಲವನ್ನೂ ಕೊನೆಗಾಣಿಸಿತು. ಕೊಲ್ಲವರ್ಷ 1099ರಲ್ಲಿ ನಡೆದುದರಿಂದ ಮಲಯಾಳಿಗಳು ಇಂದಿಗೂ ಅದನ್ನು 'ತೊಂಬತ್ತೊಂಬತ್ತರ ಪ್ರವಾಹ' ಎನ್ನುತ್ತಾರೆ. ಗುಡ್ಡಗಳು ಜರಿದವು, ಮುನ್ನಾರ್ ಪೇಟೆ ಹಾಳಾಯಿತು, ರೈಲು ಮಾರ್ಗ ಕೊಚ್ಚಿಹೋಯಿತು. ಅದನ್ನು ಮತ್ತೆ ಕಟ್ಟಲಿಲ್ಲ. ಮುನ್ನಾರಿನ ನಿಲ್ದಾಣದ ಕಟ್ಟಡವು ಮುಂದೆ ಚಹಾ ಕಂಪನಿಯ ಕಚೇರಿಯಾಯಿತು. ಘಟ್ಟದ ಅಂಚಿನ ಊರಿಗೆ ಉಳಿದದ್ದು ಹೆಸರು ಮಾತ್ರ.

ಅಂದಿನ ಮಳೆ ಅಸಾಮಾನ್ಯವಾದುದು. ಎಲ್ಲ ಹೊಣೆಯನ್ನೂ ತೋಟದ ಮೇಲೆಯೋ ಹಳಿಯ ಮೇಲೆಯೋ ಹೊರಿಸುವುದು ನ್ಯಾಯವಲ್ಲ. ಆದರೆ ಮಣ್ಣಿನ ಗುಣವನ್ನು ಮರೆಯಲಾಗದು. ಶೋಲಾ ಕಾಡಿನ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ. ತರಗೆಲೆಯ ಹಾಸು ನೀರನ್ನು ಮೆಲ್ಲನೆ ಇಂಗಿಸುತ್ತದೆ. ದಾರಿಗಾಗಿ ಇಳಿಜಾರಿನ ಬುಡವನ್ನು ಕಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಹಳ್ಳದ ಸಹಜ ದಾರಿ ಮುಚ್ಚಿದರೆ ನೀರು ಒಳಗೇ ತುಂಬಿ ಮಣ್ಣಿನ ಬಿಗಿ ಸಡಿಲುತ್ತದೆ. ಆಮೇಲೆ ಒಂದು ಜಡಿಮಳೆ ಸಾಕು.

ಇದು ಹಳೆಯ ಕಥೆಯಲ್ಲ. 2020ರ ಆಗಸ್ಟ್ 6ರ ರಾತ್ರಿ ಅದೇ ಮುನ್ನಾರ್ ಸೀಮೆಯ ಪೆಟ್ಟಿಮುಡಿಯಲ್ಲಿ ಗುಡ್ಡವು ಲೈನ್ ಮನೆಗಳ ಮೇಲೆ ಕುಸಿದು, ಚಹಾ ತೋಟದ ಕಾರ್ಮಿಕರೂ ಅವರ ಕುಟುಂಬದವರೂ ಸೇರಿ 70 ಮಂದಿ ಇಲ್ಲವಾದರು. ಕರ್ನಾಟಕದ ಘಟ್ಟದಲ್ಲಿಯೂ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದ ಮೇಲೆ 2018ರ ಆಗಸ್ಟ್‌ನಲ್ಲಿ ಹಲವೆಡೆ ಗುಡ್ಡ ಜರಿಯಿತು. 2024ರ ಜುಲೈನಲ್ಲಿ ಕಡಗರವಳ್ಳಿ–ಯಡಕುಮರಿ ನಡುವೆ ಮತ್ತೆ ಕುಸಿದು ಸಂಚಾರ ನಿಂತಿತು.

ಮಲೆನಾಡಿಗೆ ದಾರಿ ಬೇಡವೆಂದಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ಮಾರುಕಟ್ಟೆಗೆ ದಾರಿ ಬೇಕೇ ಬೇಕು. ಆದರೆ ನಕ್ಷೆ ಬರೆಯುವ ಮುನ್ನ ಯಾವ ದರೆ ಯಾವ ಮಳೆಗಾಲದಲ್ಲಿ ಜರಿಯಿತು, ಯಾವ ಒರತೆ ಎಲ್ಲಿ ಏಳುತ್ತದೆ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ತಿಳಿಯಬೇಕು. ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿಯೇ ತಂತಮ್ಮ ಊರಿನ ಹಳ್ಳ, ಒರತೆ, ಜರಿದ ದರೆಗಳನ್ನು ಗುರುತಿಸಿ ಬರೆದಿಡಲಿ. ಗ್ರಾಮಸಭೆಯಲ್ಲಿ ಮುಂದಿಡಲು ಆ ಪುಸ್ತಕ ಒದಗೀತು.