ಮೈಸೂರಿನ ಗರಡಿಗಳು: ಮಟ್ಟಿ ಕಲಿಸಿದ ಪಾಠ

ಪ್ರತಿ ವರ್ಷ ಏಪ್ರಿಲ್ 6ರಂದು, ಅಭಿವೃದ್ಧಿ ಮತ್ತು ಶಾಂತಿಗಾಗಿ ಕ್ರೀಡೆ ಎಂಬ ಹೆಸರಿನಲ್ಲಿ ವಿಶ್ವಸಂಸ್ಥೆ ಒಂದು ದಿನವನ್ನು ಆಚರಿಸುತ್ತದೆ. 1896ರಲ್ಲಿ ಅಥೆನ್ಸ್ ನಗರದಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ಆರಂಭವಾದ ದಿನ ಅದು. ಈ ಆಚರಣೆ ಮೊದಲಾದದ್ದು 2014ರಲ್ಲಿ. ಆದರೆ ಆಟ ಎಳೆಯರನ್ನು ತಿದ್ದುತ್ತದೆ, ದೂರದವರನ್ನು ಹತ್ತಿರ ತರುತ್ತದೆ ಎನ್ನುವುದು ಮೈಸೂರಿಗೆ ಹೊಸ ಮಾತಲ್ಲ. ನಮ್ಮ ಮೊಹಲ್ಲಾಗಳ ಗರಡಿಮನೆಗಳು ತಲೆಮಾರುಗಳಿಂದ ಈ ಕೆಲಸ ಮಾಡುತ್ತ ಬಂದಿವೆ.

ಕುಸ್ತಿಗೆ ಈ ನಾಡಿನಲ್ಲಿ ಬಹಳ ಹಳೆಯ ಬೇರಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರ ದರ್ಜೆ, ಅವರ ಆಹಾರ, ವ್ಯಾಯಾಮ, ಪಟ್ಟುಗಳು ಎಲ್ಲವನ್ನೂ ಅಲ್ಲಿ ವಿವರಿಸಲಾಗಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯಲ್ಲಿ ತಾನು ಕಂಡ ಮಲ್ಲಯುದ್ಧದ ಬಗ್ಗೆ ಬರೆದಿದ್ದಾನೆ. ಹಲ್ಲು ಮುರಿಯುವಷ್ಟು ಬಿರುಸಿನ ಹೊಡೆತಗಳಿದ್ದವಂತೆ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಮಹಾನವಮಿಯ ಪರಂಪರೆ ಹೀಗೆ ಮೈಸೂರು ಅರಸರ ಕೈಗೆ ಬಂತು, ಕುಸ್ತಿಯೂ ಅದರ ಜೊತೆಗೇ ಬಂತು. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ದೊಡ್ಡ ಜಟ್ಟಿ. ತಿರುಚಿರಾಪಳ್ಳಿಯ ಊರಬಾಗಿಲಿಗೆ ತನ್ನ ಚಡ್ಡಿ ಕಟ್ಟಿ ಸವಾಲು ಹಾಕಿದ್ದ ಮಲ್ಲನನ್ನು ಅವರು ಮಾರುವೇಷದಲ್ಲಿ ಹೋಗಿ ಸೋಲಿಸಿದರು ಎಂಬ ಕಥೆ ಇವತ್ತಿಗೂ ಜನರ ಬಾಯಲ್ಲಿದೆ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆ ಕಾಲದ ನೆನಪನ್ನು ಉಳಿಸಿಕೊಂಡು ಬಂದಿದೆ. ನೋಡಲು ಉಗ್ರವಾದ ಆ ಕಾಳಗಕ್ಕೂ ಒಂದು ಕಟ್ಟಳೆ ಇದೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿತೆಂದರೆ ಕಾಳಗ ಅಲ್ಲಿಗೇ ನಿಲ್ಲಬೇಕು.

ಎಲ್ಲಿ ನಿಲ್ಲಿಸಬೇಕು ಎಂಬ ಈ ಅರಿವನ್ನೇ ಗರಡಿಗಳು ಬೀದಿಬೀದಿಯ ಹುಡುಗರಿಗೆ ಕಲಿಸಿದವು.

ಹಳೆಯ ಗರಡಿಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಜರಡಿ ಹಿಡಿದ ಕೆಮ್ಮಣ್ಣಿನ ಮಟ್ಟಿ. ಅದಕ್ಕೆ ಎಣ್ಣೆ, ಅರಿಸಿನ, ಕುಂಕುಮ ಬೆರೆಸಿ ಹದ ಮಾಡಿರುತ್ತಾರೆ. ಗೋಡೆಯ ಪಕ್ಕ ಗದೆ, ಕರೇಲ, ಕಲ್ಲುಗುಂಡು. ಬೆಳಗಿನ ಜಾವಕ್ಕೇ ಹುಡುಗರು ಬಂದು ಮಟ್ಟಿಯನ್ನು ಅಗೆದು ಮೆದು ಮಾಡಬೇಕು, ದಂಡ ಬಸ್ಕಿ ಹೊಡೆಯಬೇಕು, ಆಮೇಲಷ್ಟೇ ಪಟ್ಟು. ಸಾಹುಕಾರರ ಮಗನಿರಲಿ, ಗಾಡಿ ಹೊಡೆಯುವವನ ಮಗನಿರಲಿ, ಮಣ್ಣು ಅಗೆಯುವ ಸರದಿ ತಪ್ಪಿಸಿಕೊಳ್ಳುವಂತಿಲ್ಲ. ಬೀದಿಯಲ್ಲಿ ಕೈ ಮಾಡಿ ಬಂದವನನ್ನು ಒಳ್ಳೆಯ ಉಸ್ತಾದರು ಮಟ್ಟಿಗೆ ಇಳಿಸುತ್ತಿರಲಿಲ್ಲ. ಯಾರು ಬಂದರು, ಯಾರು ಬರಲಿಲ್ಲ, ಯಾರ ಸಹವಾಸ ಕೆಟ್ಟಿತು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಹರೆಯದ ಹುಡುಗನೊಬ್ಬನನ್ನು ದಿನವೂ ಗಮನಿಸುವ ಹಿರಿಯರೊಬ್ಬರು ಬೀದಿಯಲ್ಲೇ ಇರುವುದು ಸಣ್ಣ ಭಾಗ್ಯವಲ್ಲ.

ಈ ಗರಡಿಗಳಲ್ಲಿ ಹಿಂದೂ ಉಸ್ತಾದರ ಬಳಿ ಮುಸ್ಲಿಂ ಹುಡುಗರು, ಮುಸ್ಲಿಂ ಉಸ್ತಾದರ ಬಳಿ ಹಿಂದೂ ಹುಡುಗರು ಪಟ್ಟು ಕಲಿತಿದ್ದಾರೆ. ಕುಸ್ತಿಯಲ್ಲಿ ಎದುರಾಳಿಯನ್ನು ಮುಟ್ಟದೆ ಆಡಲಾಗದು. ಇಬ್ಬರ ಬೆವರೂ ಒಂದೇ ಮಣ್ಣಿಗೆ ಸೇರುತ್ತದೆ. ಮಡಿ ಮೈಲಿಗೆಯ ಲೆಕ್ಕ ಮಟ್ಟಿಯ ಮೇಲೆ ನಡೆಯುವುದಿಲ್ಲ.

ಅರಸೊತ್ತಿಗೆ ಹೋದ ಮೇಲೆ ಕುಸ್ತಿಯ ಹೊಣೆ ಊರಿನ ಮೇಲೆ ಬಿತ್ತು. ಸಾಹುಕಾರ್ ಚನ್ನಯ್ಯನವರಂಥ ಪೋಷಕರ ಹೆಸರನ್ನು ಮೈಸೂರಿನ ಕುಸ್ತಿ ಅಖಾಡ ಇಂದಿಗೂ ನೆನೆಯುತ್ತದೆ. ಈಗ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ ದಸರಾ ಕುಸ್ತಿ ನಡೆಯುತ್ತದೆ. ಹಬ್ಬಕ್ಕೆ ಮೊದಲು ಹಿರಿಯರು ಕೂತು ವಯಸ್ಸು, ತೂಕ, ಅನುಭವ ನೋಡಿ ಜೋಡಿ ಕಟ್ಟುತ್ತಾರೆ. ಬಲಿಷ್ಠನ ಎದುರು ದುರ್ಬಲನನ್ನು ನಿಲ್ಲಿಸಬಾರದು ಎಂಬ ನ್ಯಾಯ ಆ ಪದ್ಧತಿಯಲ್ಲಿದೆ. ದಸರಾ ಕಂಠೀರವ, ದಸರಾ ಕೇಸರಿ ಪ್ರಶಸ್ತಿಗಳ ಜೊತೆಗೆ ದಸರಾ ಕಿಶೋರಿಯೂ ಸೇರಿದೆ. ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ್ದ ಆಟದಲ್ಲಿ ಇದು ದೊಡ್ಡ ಹೆಜ್ಜೆ.

ಗರಡಿ ಎಲ್ಲವನ್ನೂ ಸರಿಮಾಡಿತು ಎಂದು ನಾನು ಹೇಳಲಾರೆ. ಪೈಲ್ವಾನರ ತೋಳ್ಬಲವನ್ನು ಹಣ ಕೊಟ್ಟು ಬಳಸಿಕೊಂಡವರೂ ಇದ್ದರು. ಗರಡಿಗಳಿದ್ದರೂ 2009ರ ಜುಲೈನಲ್ಲಿ ಇದೇ ಊರಿನ ಉದಯಗಿರಿ, ಕ್ಯಾತಮಾರನಹಳ್ಳಿ ಭಾಗದಲ್ಲಿ ಕೋಮುಗಲಭೆ ನಡೆದು ಜೀವಗಳು ಹೋದವು. ವರ್ಷಕ್ಕೊಮ್ಮೆ ಪಂದ್ಯ ನಡೆಸಿದರೆ ಶಾಂತಿ ನೆಲೆಸುವುದಿಲ್ಲ. ಎರಡು ಬೀದಿಯ ಹುಡುಗರು ದಿನವೂ ಒಟ್ಟಿಗೆ ಬೆವರು ಸುರಿಸಬೇಕು, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಬೇಕು. ಹೆಸರು ಹಿಡಿದು ಕರೆಯುವ ಗೆಳೆಯನ ಮನೆಗೆ ಕಲ್ಲು ತೂರುವುದು ಕಷ್ಟ.

ಆ ದಿನನಿತ್ಯದ ಜಾಗಗಳೇ ಈಗ ಕಡಿಮೆಯಾಗುತ್ತಿವೆ. ಎಷ್ಟೋ ಗರಡಿಗಳಿಗೆ ಬೀಗ ಬಿದ್ದಿದೆ, ಕೆಲವು ಶಿಥಿಲವಾಗಿವೆ. ಹುಡುಗರು ಜಿಮ್ಮಿಗೆ ಹೋಗುತ್ತಾರೆ. ಅಲ್ಲಿ ಕನ್ನಡಿಯಿದೆ, ಯಂತ್ರವಿದೆ. ಆದರೆ ಕಾಸಿಲ್ಲದ ಮನೆಯ ಹುಡುಗನಿಗೆ ಅಲ್ಲಿ ಪ್ರವೇಶವಿಲ್ಲ. ಅಂತರರಾಷ್ಟ್ರೀಯ ಕುಸ್ತಿ ಮ್ಯಾಟ್ ಮೇಲೆ ನಡೆಯುತ್ತದೆ, ಮಣ್ಣಿನಿಂದೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಆದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವ್ ಪಳಗಿದ್ದು ಮಣ್ಣಿನ ಅಖಾಡದಲ್ಲೇ. ಮಣ್ಣೂ ಬೇಕು, ಅದರ ಪಕ್ಕದಲ್ಲಿ ಮ್ಯಾಟೂ ಬೇಕು.

ಕೇಳುಗರೆ, ನಮ್ಮ ಕೈಲಾಗುವ ಕೆಲಸಗಳಿವೆ. ನಿಮ್ಮ ವಾರ್ಡಿನಲ್ಲಿ ಗರಡಿ ಇದ್ದರೆ ಅದರ ದುರಸ್ತಿಗೆ ಪಾಲಿಕೆಯನ್ನು ಒತ್ತಾಯಿಸಿ. ಹೆಣ್ಣುಮಕ್ಕಳಿಗೂ ಅಲ್ಲಿ ವೇಳೆ ಗೊತ್ತುಮಾಡಲು ಹಿರಿಯ ಉಸ್ತಾದರನ್ನು ಕೇಳಿಕೊಳ್ಳಿ. ಶಾಲೆಯ ವ್ಯಾಯಾಮ ಶಿಕ್ಷಕರು ತಿಂಗಳಿಗೊಮ್ಮೆಯಾದರೂ ಮಕ್ಕಳನ್ನು ಕರೆದೊಯ್ಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳಿಸಿ. ಪಕ್ಕದ ಬೀದಿಯ ಮಗುವೂ ಬರುವಂತೆ ನೋಡಿಕೊಳ್ಳಿ.