ಕೈಯಲ್ಲಿ ಕಾಸಿಲ್ಲದವನಿಗೂ ಒಬ್ಬ ವಕೀಲ



ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನಂಥ ಒಂದು ಮಲೆನಾಡಿನ ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಡಿಕೆ ಕೊಯ್ಲಿನ ಕಾಲ. ಒಣಗಲು ಹರವಿದ್ದ ಅಡಿಕೆ ಒಂದು ಬೆಳಿಗ್ಗೆ ನೋಡಿದರೆ ಇಲ್ಲ. ಬಯಲುಸೀಮೆಯಿಂದ ಕೂಲಿಗೆ ಬಂದಿದ್ದ ಒಬ್ಬನ ಮೇಲೆ ಅನುಮಾನ ಬೀಳುತ್ತದೆ. ಪೊಲೀಸರು ಅವನನ್ನು ದಸ್ತಗಿರಿ ಮಾಡಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಇದು ನಾನು ಕಲ್ಪಿಸಿಕೊಂಡ ಉದಾಹರಣೆ. ಅವನು ಕದ್ದನೋ ಇಲ್ಲವೋ ನಿಮಗೂ ತಿಳಿಯದು, ನನಗೂ ತಿಳಿಯದು. ಅದನ್ನು ತೀರ್ಮಾನಿಸುವುದಕ್ಕೇ ನ್ಯಾಯಾಲಯ ಇರುವುದು.

ಆದರೆ ಅಲ್ಲಿ ಒಂದು ಕಡೆ ಸರ್ಕಾರವಿದೆ. ತನಿಖೆಗೆ ಪೊಲೀಸರು, ವಾದಕ್ಕೆ ಸಂಬಳ ಪಡೆಯುವ ಅಭಿಯೋಜಕರು. ಇನ್ನೊಂದು ಕಡೆ ದಿನಗೂಲಿಯ ಈ ಮನುಷ್ಯ. ಅವನ ಪರವಾಗಿ ಯಾರು ಮಾತನಾಡಬೇಕು? ಇದನ್ನೇ ವೃತ್ತಿಯಾಗಿ ಮಾಡಿಕೊಂಡ ವಕೀಲರ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬಯಸುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಮೊದಲ ಮಹಿಳಾ ವಕೀಲೆ ಕ್ಲಾರಾ ಫೋಲ್ಟ್ಸ್ 1893ರಲ್ಲಿ, ಆರೋಪ ಹೊರಿಸುವವರಿಗೆ ಸರ್ಕಾರ ಸಂಬಳ ಕೊಡುವುದಾದರೆ ಆರೋಪಿಯನ್ನು ರಕ್ಷಿಸುವವರಿಗೂ ಕೊಡಬೇಕೆಂದು ವಾದಿಸಿದರು. ಲಾಸ್ ಏಂಜಲೀಸ್‌ನಲ್ಲಿ ಅಂಥ ಕಚೇರಿ ತೆರೆದದ್ದು 1914ರಲ್ಲಿ. ಮುಂದೆ 1961ರಲ್ಲಿ ಫ್ಲಾರಿಡಾದ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವ, ಆಟದ ಮನೆಯೊಂದಕ್ಕೆ ನುಗ್ಗಿ ಕದ್ದನೆಂಬ ಆರೋಪಕ್ಕೆ ಒಳಗಾದ. ವಕೀಲರನ್ನು ಕೊಡಿ ಎಂದು ಕೇಳಿದ, ಕೊಡಲಿಲ್ಲ. ಐದು ವರ್ಷ ಶಿಕ್ಷೆಯಾಯಿತು. ಸೆರೆಮನೆಯಿಂದಲೇ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಅವನು ಗೆದ್ದ. ಮರುವಿಚಾರಣೆಯಲ್ಲಿ ಅವನಿಗೆ ವಕೀಲರು ಸಿಕ್ಕರು, ನಿರ್ದೋಷಿಯೆಂದು ಬಿಡುಗಡೆಯಾಯಿತು. ಮನುಷ್ಯ ಅವನೇ, ಆರೋಪವೂ ಅದೇ. ಹೊಸದಾಗಿ ಬಂದದ್ದು ವಕೀಲರು.

ನಮ್ಮ ದೇಶದಲ್ಲಿ ಸಂವಿಧಾನದ 22ನೇ ವಿಧಿ, ಬಂಧಿತನಿಗೆ ತನ್ನ ಆಯ್ಕೆಯ ವಕೀಲರ ನೆರವು ಪಡೆಯುವ ಹಕ್ಕು ಕೊಟ್ಟಿತು. ಹಣವಿಲ್ಲದವನ ಗತಿ? 1976ರ 42ನೇ ತಿದ್ದುಪಡಿ 39ಎ ವಿಧಿಯನ್ನು ಸೇರಿಸಿ, ಉಚಿತ ಕಾನೂನು ನೆರವು ರಾಜ್ಯದ ಹೊಣೆಯೆಂದಿತು. 1979ರಲ್ಲಿ ವಕೀಲೆ ಕಪಿಲಾ ಹಿಂಗೋರಾನಿ ಅವರು ಬಿಹಾರದ ವಿಚಾರಣಾಧೀನ ಕೈದಿಗಳ ಸ್ಥಿತಿಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ತಪ್ಪು ಸಾಬೀತಾದರೂ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ, ವಿಚಾರಣೆಯೇ ಇಲ್ಲದೆ ಸೆರೆಯಲ್ಲಿ ಕಳೆದವರು ಅವರಲ್ಲಿದ್ದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಅದರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರು ಕಾನೂನು ನೆರವು ಜೀವಿಸುವ ಹಕ್ಕಿನ ಭಾಗವೇ ಎಂದು ಸಾರಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರಂತೆ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯದ ಮಿತಿ ನೋಡದೆ ಉಚಿತ ವಕೀಲರು ದೊರೆಯಬೇಕು.

ಬಹುಕಾಲ ಈ ಕೆಲಸವನ್ನು ಪಟ್ಟಿಯಲ್ಲಿದ್ದ ವಕೀಲರು ತಮ್ಮ ಸ್ವಂತ ಕಕ್ಷಿದಾರರ ನಡುವೆ ಬಿಡುವು ಮಾಡಿಕೊಂಡು ಮಾಡುತ್ತಿದ್ದರು. ಕೆಲವರು ಶ್ರದ್ಧೆಯಿಂದಲೇ ಮಾಡಿದರು. ಆದರೆ ಕೊಡುವ ಶುಲ್ಕ ಕಡಿಮೆ; ಮನೆ ನಡೆಸಬೇಕಾದ ವಕೀಲ ಹಣ ಕೊಡುವ ಕಕ್ಷಿದಾರನ ಕಡೆಗೆ ವಾಲಿದರೆ ಆಶ್ಚರ್ಯವೇನು? ಇದಕ್ಕೆ ಉತ್ತರವಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2022ರಲ್ಲಿ ಹೊಸ ಯೋಜನೆ ರೂಪಿಸಿತು. ಕರ್ನಾಟಕದಲ್ಲಿ ಇದನ್ನು ಕಾನೂನು ನೆರವು ಅಭಿರಕ್ಷಕರ ಕಚೇರಿ ಎನ್ನುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಅಡಿಯಲ್ಲಿ ಕೆಲಸ ಮಾಡುವ ಈ ವಕೀಲರು ಪೂರ್ಣಾವಧಿಯವರು. ಖಾಸಗಿ ವಕೀಲಿಕೆ ಮಾಡುವಂತಿಲ್ಲ.

ಕಚೇರಿಯ ಮುಖ್ಯಸ್ಥರಾಗುವುದು ಹೇಗೆ? ಪಿ.ಯು.ಸಿ. ಆದ ಮೇಲೆ ಐದು ವರ್ಷ, ಇಲ್ಲವೇ ಪದವಿಯ ನಂತರ ಮೂರು ವರ್ಷ ಕಾನೂನು ಓದಬೇಕು. ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಮೂರು ವರ್ಷದೊಳಗಿನ ಅನುಭವದವರು, ಹೊಸಬರು ಕೂಡ, ಸಹಾಯಕ ಅಭಿರಕ್ಷಕರಾಗಬಹುದು. ಉಪ ಮುಖ್ಯಸ್ಥರಿಗೆ ಕ್ರಿಮಿನಲ್ ವಕೀಲಿಕೆಯಲ್ಲಿ ಕನಿಷ್ಠ 7 ವರ್ಷ, ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷ ಅನುಭವ ಬೇಕು. ಮುಖ್ಯಸ್ಥರು ಸೆಷನ್ಸ್ ನ್ಯಾಯಾಲಯದಲ್ಲಿ ಕನಿಷ್ಠ 30 ವಿಚಾರಣೆ ನಡೆಸಿದವರಾಗಿರಬೇಕು. ಕಠಿಣವಾದ ಮೊಕದ್ದಮೆಗಳನ್ನು ತಾವೇ ನಡೆಸುತ್ತಾ, ಉಳಿದವನ್ನು ಹಂಚಿಕೊಟ್ಟು, ಕಿರಿಯರಿಗೆ ಸಾಕ್ಷಿಯ ಪಾಟೀಸವಾಲು ಕಲಿಸುವುದು ಅವರ ಹೊಣೆ.

ಈಗ ನಮ್ಮ ಕೂಲಿಯವನ ಬಳಿಗೆ ಹಿಂತಿರುಗೋಣ. ಅವನ ಪರ ನಿಂತ ಅಭಿರಕ್ಷಕರ ಮೊದಲ ಪ್ರಶ್ನೆ: ಈ ಬಂಧನ ಅಗತ್ಯವಿತ್ತೇ? ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಎರಡನೆಯದು ಜಾಮೀನು. ಜಾಮೀನುದಾರನೊಬ್ಬ ತನ್ನ ಜಮೀನಿನ ಪಹಣಿ ತರಬೇಕೆಂದರೆ, ಪರ ಊರಿನ ಕೂಲಿಯವನಿಗೆ ಯಾರು ತರುತ್ತಾರೆ? ಮೋತಿರಾಮ್ ಎಂಬ ಗಾರೆಕೆಲಸದವನ ಪ್ರಕರಣವನ್ನು ಅಭಿರಕ್ಷಕರು ಇಲ್ಲಿ ಎತ್ತಿ ತೋರಿಸಬಹುದು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಜಾಮೀನನ್ನು ನಿರಾಕರಿಸಿದಾಗ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1978ರಲ್ಲಿ ಅದನ್ನು ತಪ್ಪೆಂದರು. ಮೂರನೆಯದು ದಿನಗಳ ಲೆಕ್ಕ. ಇಂಥ ಕಳವಿನ ಪ್ರಕರಣದಲ್ಲಿ 60 ದಿನಗಳೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕು. ಆದರೆ ಅರ್ಜಿ ಹಾಕಬೇಕು. ಅರವತ್ತೊಂದನೆಯ ದಿನ ಯಾವುದೆಂದು ಎಣಿಸುವವರೇ ಇಲ್ಲದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಕಳ್ಳನ ಪರ ವಾದಿಸುವುದು ಸರಿಯೇ ಎಂದು ನೀವು ಕೇಳಬಹುದು. ಊರಿನವರು, ಕೆಲವೊಮ್ಮೆ ಮನೆಯವರು ಕೂಡ, ಈ ವಕೀಲರನ್ನು ಹಾಗೆ ಕೇಳುತ್ತಾರೆ. ಅಡಿಕೆ ಕಳೆದುಕೊಂಡ ರೈತನ ನೋವು ಸುಳ್ಳಲ್ಲ. ಅವನ ವರ್ಷದ ದುಡಿಮೆ ಅದು. ಆದರೆ ತಪ್ಪು ಮನುಷ್ಯನಿಗೆ ಶಿಕ್ಷೆಯಾದರೆ ಆ ರೈತನಿಗೂ ನ್ಯಾಯ ಸಿಗುವುದಿಲ್ಲ. ನಿಜವಾದ ಕಳ್ಳ ಮುಂದಿನ ಕೊಯ್ಲಿಗೆ ಮತ್ತೆ ಬರುತ್ತಾನೆ. ಸಾಕ್ಷ್ಯವನ್ನು ಒರೆಗೆ ಹಚ್ಚುವವರಿದ್ದರೆ ತೀರ್ಪಿನ ಮೇಲೆ ಇಬ್ಬರೂ ನಂಬಿಕೆ ಇಡಬಹುದು.

ಈ ವೃತ್ತಿಯಲ್ಲಿ ಎಲ್ಲವೂ ಹಸನಾಗಿದೆಯೆಂದು ನಾನು ಹೇಳಲಾರೆ. ನೇಮಕ ಗುತ್ತಿಗೆಯದು, ಮೊದಲಿಗೆ ಎರಡು ವರ್ಷ, ಮುಂದೆ ಕೆಲಸ ನೋಡಿ ವಿಸ್ತರಣೆ. ಗೌರವಧನ ಹೆಸರಾಂತ ಖಾಸಗಿ ವಕೀಲರ ಗಳಿಕೆಗೆ ಸಮನಲ್ಲ. ಅಭಿಯೋಜಕರಿಗಿರುವ ಭದ್ರತೆ ಅಭಿರಕ್ಷಕರಿಗೂ ಇರಬೇಕಲ್ಲವೇ? ನಿಮ್ಮ ಪೀಳಿಗೆ ಈ ಪ್ರಶ್ನೆಯನ್ನು ಕೇಳಬೇಕು.

ಕಾನೂನು ಓದದವರಿಗೂ ಒಂದು ಕೆಲಸವಿದೆ. ಉಚಿತ ಕಾನೂನು ನೆರವಿನ ದೂರವಾಣಿ ಸಂಖ್ಯೆ 15100. ಅದನ್ನು ಬರೆದಿಟ್ಟುಕೊಳ್ಳಿ. ತೋಟಕ್ಕೆ ಕೆಲಸಕ್ಕೆ ಬರುವವರಿಗೂ ತಿಳಿಸಿ. ಕಟಕಟೆಯಲ್ಲಿ ನಿಂತಾಗ 'ನನಗೊಬ್ಬ ವಕೀಲರನ್ನು ಕೊಡಿ, ಸ್ವಾಮಿ' ಎಂದು ಕೇಳಬಹುದೆಂಬ ಒಂದು ತಿಳಿವಳಿಕೆ ಯಾರದೋ ಮನೆಯ ದುಡಿಯುವ ಕೈಯನ್ನು ಮನೆಗೆ ಮರಳಿಸಬಹುದು.