ಮೂರು ಸಾವಿರವೋ, ಮೂವತ್ತು ಸಾವಿರವೋ?

ನಾನು ತುಮಕೂರಿನವನು. ಈಗ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ, ಚೀನಾದಿಂದ ಎಲ್‌ಇಡಿ ದೀಪ ತರಿಸೋ ಸಣ್ಣ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೀನಿ. 2009ರಲ್ಲೇ ಅಮೆರಿಕವನ್ನು ಹಿಂದೆ ಹಾಕಿ ಚೀನಾ ಬ್ರೆಜಿಲ್‌ನ ಅತಿದೊಡ್ಡ ವ್ಯಾಪಾರ ಪಾಲುದಾರ ಆಯ್ತು. ಆದ್ರೆ ನಮ್ಮ ಬಾಸ್‌ಗೆ ಚೈನೀಸ್ ಬರಲ್ಲ, ಅಲ್ಲಿನ ಫ್ಯಾಕ್ಟರಿಯವರಿಗೆ ಪೋರ್ಚುಗೀಸ್ ಬರಲ್ಲ. ಇಂಗ್ಲಿಷ್ ಇಲ್ವಾ ಅಂತೀರಾ? ಇಬ್ಬರದ್ದೂ ಅರೆಬರೆ. ಹಾಗಾಗಿ ದುಭಾಷಿ ಹುಡುಕೋದು ನನ್ನ ಪಾಲಿನ ಕೆಲಸ. ಮೊದಲ ಸಲ ನಾನದನ್ನ ಕೆಡಿಸಿದ್ದು ಹೇಗೆ ಅಂತ ಹೇಳ್ತೀನಿ.

ಗುವಾಂಗ್‌ಝೌನಲ್ಲಿ 1957ರಿಂದ ಕ್ಯಾಂಟನ್ ಫೇರ್ ನಡೀತಿದೆ, ವರ್ಷಕ್ಕೆ ಎರಡು ಸಲ. ಹೊರಡೋಕೆ ನಾಲ್ಕು ದಿನ ಇದ್ದಾಗ ಕಡಿಮೆ ದರಕ್ಕೆ ಒಬ್ಬ ವಿದ್ಯಾರ್ಥಿನಿಯನ್ನು ಗೊತ್ತು ಮಾಡಿದೆ. ಪೋರ್ಚುಗೀಸ್ ಚೆನ್ನಾಗೇ ಮಾತಾಡ್ತಿದ್ರು. ಸಂಜೆ, ಏಳನೇ ಸ್ಟಾಲ್. ಕನಿಷ್ಠ ಆರ್ಡರ್ ಎಷ್ಟು ಅಂದ್ರೆ ಫ್ಯಾಕ್ಟರಿಯವರು 'ಸಾನ್ ವಾನ್' ಅಂದ್ರು. ಇವರು 'ತ್ರೇಸ್ ಮಿಲ್', ಅಂದ್ರೆ ಮೂರು ಸಾವಿರ ಅಂದ್ರು. ದರ ಅಷ್ಟು ಕಡಿಮೆ, ಬಾಸ್ ಖುಷಿಯಾಗಿ ಕೈ ಕುಲುಕಿಬಿಟ್ರು.

ರಾತ್ರಿ ಹೋಟೆಲಿಗೆ ಪ್ರೊಫಾರ್ಮಾ ಇನ್‌ವಾಯ್ಸ್ ಬಂತು. 30,000 ದೀಪ! ನೋಡದೆ ಮುಂಗಡ ಕಟ್ಟಿದ್ರೆ ಕಂಪನಿ ಮುಳುಗ್ತಿತ್ತು. ಆರ್ಡರ್ ಕೈಬಿಟ್ವಿ. ಬಾಸ್ ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ.

ಚೈನೀಸ್‌ನಲ್ಲಿ ಹತ್ತು ಸಾವಿರಕ್ಕೆ 'ವಾನ್' ಅಂತ ಬೇರೆ ಪದವೇ ಇದೆ. ಹತ್ತು ವಾನ್ ಸೇರಿದ್ರೆ ನಮ್ಮ ಒಂದು ಲಕ್ಷ. ಪೋರ್ಚುಗೀಸ್‌ನಲ್ಲಿ ಅಂಥ ಪದ ಇಲ್ಲ, ಪ್ರತಿ ಸಲ ತಲೆಯಲ್ಲೇ ಲೆಕ್ಕ ಹಾಕಿ ಹೇಳಬೇಕು. ಲಕ್ಷ-ಕೋಟಿಯನ್ನ ಮಿಲಿಯನ್‌ಗೆ ತಿರುಗಿಸಿ ಒದ್ದಾಡಿರೋ ನಿಮಗೆ ಇದು ಗೊತ್ತಿರುತ್ತೆ. ಅದೂ ಆಕೆಯನ್ನ ಬೆಳಗಿಂದ ಬಿಡುವೇ ಕೊಡದೆ ಓಡಾಡಿಸಿದ್ದು ನಾನು. ತಪ್ಪು ಆಕೆಯದ್ದು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಈಗ ನಾನು ಮೊದಲು ಹುಡುಕೋದು ಮಕಾವುನಲ್ಲಿ. 1999ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಆಡಳಿತದಲ್ಲಿದ್ದ ಊರು, ಇವತ್ತಿಗೂ ಚೈನೀಸ್, ಪೋರ್ಚುಗೀಸ್ ಎರಡೂ ಅಧಿಕೃತ ಭಾಷೆ. ಅಲ್ಲಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಈ ಎರಡರ ನಡುವಿನ ಅನುವಾದವನ್ನೇ ಕಲಿಸ್ತಾರೆ. ಆದ್ರೆ ಊರಿನ ಮಾತು ಕ್ಯಾಂಟೋನೀಸ್. ಮ್ಯಾಂಡರಿನ್ ಎಷ್ಟು ಸಲೀಸು ಅಂತ ಕೇಳಲೇಬೇಕು. ಪೋರ್ಚುಗೀಸೂ ಯುರೋಪಿನದ್ದು. ಅವರ ಮೊಬೈಲ್ 'ಟೆಲಿಮೋವೆಲ್', ಬ್ರೆಜಿಲಿನವರದ್ದು 'ಸೆಲುಲಾರ್'. ಇದೇನೋ ನಡೆಯುತ್ತೆ ಬಿಡಿ. ಆದ್ರೆ ಬಿಲಿಯನ್ ಅನ್ನೋ ಪದ ಬ್ರೆಜಿಲ್‌ನಲ್ಲಿ ನೂರು ಕೋಟಿ, ಪೋರ್ಚುಗಲ್‌ನಲ್ಲಿ ಲಕ್ಷ ಕೋಟಿ!

ಬಯೋಡೇಟಾಗಿಂತ ಮೊದಲು ವಿಡಿಯೋ ಕಾಲ್ ಮಾಡ್ತೀನಿ. ಹತ್ತು ಸಂಖ್ಯೆ ಇರೋ ವಾಯ್ಸ್ ನೋಟ್ ಕೇಳಿಸಿ, ಹೇಳಿ ಅಂತೀನಿ. ಚೈನೀಸ್‌ನ 'ಒಂಬತ್ತು ಝೆ' ಅಂದ್ರೆ ತೊಂಬತ್ತು ಪರ್ಸೆಂಟ್ ಡಿಸ್ಕೌಂಟ್ ಅಲ್ಲ, ಹತ್ತೇ ಪರ್ಸೆಂಟ್, ಅದನ್ನೂ ತೂರಿಸ್ತೀನಿ. ಕ್ಯಾಟಲಾಗ್ ವಾರ ಮೊದಲೇ ಕಳಿಸ್ತೀನಿ. ವಾಪಸ್ ಒಂದೂ ಪ್ರಶ್ನೆ ಬರಲಿಲ್ಲ ಅಂದ್ರೆ ನನಗೆ ಅನುಮಾನ. ಫ್ಯಾಕ್ಟರಿಯವರು ಪುಕ್ಕಟೆ ಕೊಡೋ ದುಭಾಷಿ ಬೇಡ, ಅವರಿಗೆ ಸಂಬಳ ಕೊಡೋರು ಫ್ಯಾಕ್ಟರಿಯವರೇ ತಾನೆ. ಕಾಗದಪತ್ರದ್ದು ಬೇರೆ ಕಥೆ. ಬ್ರೆಜಿಲ್‌ನ ಕೋರ್ಟು, ಸರ್ಕಾರಿ ಕಚೇರಿಗೆ ಕೊಡೋ ಅನುವಾದವನ್ನ ನೋಂದಾಯಿತ ಅನುವಾದಕರ ಕೈಲೇ ಮಾಡಿಸಬೇಕು.

ಈಗ ನಮ್ಮ ಜೊತೆ ಬರೋ ಮಕಾವು ಮೇಡಂ, ಆ ವಿದ್ಯಾರ್ಥಿನಿಗೆ ಕೊಟ್ಟಿದ್ದರ ಮೂರು ಪಟ್ಟು ತಗೋತಾರೆ. ಸಂಖ್ಯೆ ಬಂದ ತಕ್ಷಣ ಮಾತು ನಿಲ್ಲಿಸಿ, ಅಂಕಿಯಲ್ಲಿ ಬರೆದು, ಎರಡೂ ಕಡೆಯವರಿಗೆ ತೋರಿಸಿಯೇ ಮುಂದೆ ಹೋಗೋದು. ಟೈಮ್ ವೇಸ್ಟ್ ಅಂತ ಮೊದಲ ದಿನ ಬಾಸ್ ಗೊಣಗಿದ್ರು. ಈಗ ಕೂತ ಕೂಡಲೇ ಅವರ ಮುಂದೆ ಪೆನ್ನು, ಪ್ಯಾಡು ಇಡೋದು ಬಾಸೇ.